ಬೀಡಿಯವರ ಲೆಕ್ಕವನ್ನು ದಿಲ್ಲಿಗೆ ಒಯ್ದ ಎ.ಕೆ.ಜಿ.

ನಮ್ಮ ಕಡೆ ಬೀಡಿ ಕಟ್ಟದ ಮನೆ ಒಂದು ಕಾಲದಲ್ಲಿ ಅಪರೂಪವಾಗಿತ್ತು. ಬೆಳಗ್ಗಿನ ಅಡುಗೆ, ಪಾತ್ರೆ, ಬಟ್ಟೆ ಮುಗಿಸಿ ಉಮ್ಮ ಜಗಲಿಗೆ ಬಂದು ಮಡಿಲಲ್ಲಿ ತಡ್ಪೆ ಇಟ್ಟು ಕೂತರೆ ಮತ್ತೆ ಏಳುವುದು ಬಾಂಗ್ ಕೇಳಿದಾಗ, ಇಲ್ಲವೇ ಮಗು ಅತ್ತಾಗ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹಾಕಿ, ಸುತ್ತಿ, ನೂಲು ಕಟ್ಟಿ, ತಲೆ ಮಡಚಿದರೆ ಒಂದು ಬೀಡಿ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಸಂಜೆ ಬ್ರಾಂಚಿಗೆ ಕೊಂಡುಹೋದರೆ ಗುತ್ತಿಗೆದಾರ ಕಟ್ಟುಗಳನ್ನು ತಿರುಗಿಸಿ ನೋಡಿ, ಕೆಲವನ್ನು ಬದಿಗೆ ಎಸೆದು, ಉಳಿದದ್ದನ್ನು ಪುಸ್ತಕದಲ್ಲಿ ಬರೆಯುತ್ತಿದ್ದ. ಎಷ್ಟೋ ಹೆಣ್ಣುಮಕ್ಕಳ ನಿಕಾಹ್‌ನ ಚಿನ್ನ ಆ ಪುಸ್ತಕದಿಂದಲೇ ಬಂದದ್ದು ಅಂತ ನಮ್ಮ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ.

ಆ ಪುಸ್ತಕ ಎಲ್ಲಿಂದ ಬಂತು, ಎಸೆಯುವ ಬೀಡಿಗೆ ಒಂದು ಮಿತಿ ಉಂಟು ಅಂತ ಹೇಳಿದ್ದು ಯಾರು, ಹೆರಿಗೆಗೂ ರಜೆಗೂ ಹಕ್ಕಿದೆ ಎಂಬ ಮಾತು ಹೇಗೆ ಶುರುವಾಯ್ತು ಅಂತ ಕೇಳುತ್ತಾ ಹೋದರೆ ಹಲವರ ಹೆಸರು ಬರುತ್ತದೆ. ಈ ವಾರ ನಾವು ಹೇಳುವುದು ಅವರಲ್ಲಿ ಒಬ್ಬರ ಕತೆ. ಅವರು ಬೇರೆ ಊರಿನವರಾದರೂ ನಮ್ಮ ಬಗಲಿನ ಕಾಸರಗೋಡಿಗೆ ಮೂರು ಸಲ ಸಂಸದರಾಗಿದ್ದವರು. ಆಯಿಲ್ಯತ್ ಕುಟ್ಟಿಯಾರಿ ಗೋಪಾಲನ್. ಹೆಸರು ಪೂರ್ತಿ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಎ.ಕೆ.ಜಿ. ಅಂದರೆ ಸಾಕು.

ಹುಟ್ಟಿದ್ದು 1904ರಲ್ಲಿ, ಕಣ್ಣೂರಿನ ಪೆರಳಶ್ಶೇರಿ ಹತ್ತಿರ. ಕಲಿತದ್ದು ತಲಶ್ಶೇರಿಯಲ್ಲಿ. ಮನೆತನದಲ್ಲಿ ನಂಬಿಯಾರ್, ಕೆಲಸದಲ್ಲಿ ಶಾಲೆ ಮಾಸ್ಟ್ರು. ಏಳು ವರ್ಷದಷ್ಟು ಕಾಲ ಮಕ್ಕಳಿಗೆ ಪಾಠ ಹೇಳಿದರು. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೋಗಿ ಜೈಲು ಸೇರಿದ ಮೇಲೆ ಆ ಮಾಸ್ಟ್ರ ಕೆಲಸಕ್ಕೆ ಸಲಾಂ. ಮರುವರ್ಷ ಗುರುವಾಯೂರು ದೇವಸ್ಥಾನದ ಬಾಗಿಲನ್ನು ಎಲ್ಲ ಜಾತಿಯವರಿಗೂ ತೆರೆಯಬೇಕೆಂದು ಸತ್ಯಾಗ್ರಹ ನಡೆದಾಗ ಸ್ವಯಂಸೇವಕರ ಕ್ಯಾಪ್ಟನ್ ಇವರೇ. ತಮ್ಮದೇ ಮೇಲ್ಜಾತಿಯವರ ಕೈಯಿಂದ ಚೆನ್ನಾಗಿ ಪೆಟ್ಟು ತಿಂದರು. ಕಾಂಗ್ರೆಸ್, ಆಮೇಲೆ ಕಾಂಗ್ರೆಸ್ ಸೋಶಿಯಲಿಸ್ಟ್, ಕೊನೆಗೆ ಕಮ್ಯುನಿಸ್ಟ್. ಆ ದಾರಿಯನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಅದರ ಚರ್ಚೆ ಇವತ್ತು ಬೇಡ.

1936ರಲ್ಲಿ ಕಣ್ಣೂರಿನಿಂದ ಮದ್ರಾಸಿಗೆ ಒಂದು ಜಾಥಾ ಹೊರಟಿತು. ಅದಕ್ಕೆ ಪಟ್ಟಿಣಿ ಜಾಥಾ, ಅಂದರೆ ಹಸಿವಿನ ಮೆರವಣಿಗೆ ಅಂತಲೇ ಹೆಸರು. ಮುಂದಾಳು ಎ.ಕೆ.ಜಿ. ಕೈಯಲ್ಲಿ ಕಾಸಿಲ್ಲ, ಹೋದ ಊರಲ್ಲಿ ಜನ ಕೊಟ್ಟದ್ದು ತಿನ್ನುವುದು, ಅಲ್ಲೇ ಮಾತಾಡುವುದು, ಮತ್ತೆ ನಡೆಯುವುದು. ಆ ಕಾಲದಲ್ಲಿ ನಮ್ಮ ಮಂಗಳೂರು, ಕಾಸರಗೋಡು, ಕಣ್ಣೂರು ಎಲ್ಲವೂ ಮದ್ರಾಸ್ ಪ್ರಾಂತದೊಳಗೇ ಇದ್ದವು. ಹಾಗಾಗಿ ದೊರೆಗಳಿಗೆ ಹೇಳಬೇಕಾದರೆ ಮದ್ರಾಸಿಗೇ ಹೋಗಬೇಕಿತ್ತು.

ಬೀಡಿಯವರ ಸಂಗತಿ ಬರುವುದು ಇಲ್ಲಿಂದ. ಕಣ್ಣೂರಿನಲ್ಲಿ ಆಗ ಕೈಮಗ್ಗ ಮತ್ತು ಬೀಡಿ ಎರಡೂ ದೊಡ್ಡ ಕಸುಬು. ಬೀಡಿಯನ್ನು ನಮ್ಮಲ್ಲಿ ಹಾಗೆ ಮನೆ ಜಗಲಿಯಲ್ಲಲ್ಲ, ಹೆಚ್ಚಾಗಿ ಗಂಡಸರು ಒಂದು ಕೋಣೆಯಲ್ಲಿ ಸಾಲಾಗಿ ಕೂತು ಕಟ್ಟುತ್ತಿದ್ದರು. ಕೈಗೆ ಕೆಲಸ ಉಂಟು, ಕಿವಿಗೆ ಇಲ್ಲ. ಹಾಗಾಗಿ ಒಬ್ಬನನ್ನು ಪೇಪರ್ ಓದಲಿಕ್ಕೆ ಕೂರಿಸುವುದು, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು. ಎಷ್ಟೋ ದೂರದ ಕ್ಯೂಬಾದಲ್ಲಿ ಸಿಗಾರ್ ಸುತ್ತುವವರು ಕೂಡ 1860ರ ದಶಕದಿಂದಲೇ ಇದೇ ಏರ್ಪಾಡು ಮಾಡಿಕೊಂಡಿದ್ದರು. ಒಬ್ಬರನ್ನೊಬ್ಬರು ಕೇಳಿ ಮಾಡಿದ್ದಲ್ಲ, ಹೊಗೆಸೊಪ್ಪಿನ ಕೆಲಸದ ಗುಣವೇ ಹಾಗೆ ಇರಬೇಕು. ಬೆಳಗ್ಗಿನಿಂದ ಸಂಜೆವರೆಗೆ ಪೇಪರ್ ಕೇಳಿದವನಿಗೆ ರಾಜಕೀಯ ಬರದೆ ಇರುತ್ತದಾ? ಕಣ್ಣೂರಿನ ಅಳಿಕ್ಕೋಡನ್ ರಾಘವನ್ ಬೀಡಿ ಕಟ್ಟುವಲ್ಲಿಂದಲೇ ಎದ್ದು ಬಂದ ನಾಯಕ. ಯೂರೋಪಿನ ಡೆನ್ಮಾರ್ಕಿನಲ್ಲಿ ಸಿಗಾರ್‌ಗಳನ್ನು ಬಣ್ಣ ನೋಡಿ ವಿಂಗಡಿಸುವ ಕೂಲಿ ಮಾಡುತ್ತಿದ್ದ ತೊರ್ವಾಲ್ಡ್ ಸ್ಟೌನಿಂಗ್ ಎಂಬಾತ 1924ರಲ್ಲಿ ಆ ದೇಶದ ಪ್ರಧಾನಿಯೇ ಆದ.

ಎ.ಕೆ.ಜಿ. ಸ್ವತಃ ಬೀಡಿ ಕಟ್ಟಿದವರಲ್ಲ. ಆದರೆ ಅವರ ರಾಜಕೀಯ ಬೆಳೆದದ್ದು ಕಟ್ಟುವವರ, ನೇಯುವವರ, ಗೇಣಿ ಒಕ್ಕಲಿನವರ ನಡುವೆ. 1952ರಲ್ಲಿ ಅವರು ಮದುವೆಯಾದ ಸುಶೀಲಾ ಕೂಡ ಆಲಪ್ಪುಳ ಕಡೆಯ ತೆಂಗಿನ ನಾರಿನ ಕಾರ್ಮಿಕರ ನಡುವಿನಿಂದ ಬಂದವರು, ಮುಂದೆ ಸಂಸದೆಯೂ ಕೇರಳದ ಮಂತ್ರಿಯೂ ಆದವರು.

ಜೈಲಿನ ಲೆಕ್ಕ ಹೇಳಲು ಹೊರಟರೆ ಈ ಪುಟ ಸಾಲದು. 1941ರಲ್ಲಿ ವೆಲ್ಲೂರು ಜೈಲಿನಿಂದ ತಪ್ಪಿಸಿಕೊಂಡು ಹೋದವರು. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಕಣ್ಣೂರು ಜೈಲಿನೊಳಗೆ ಇದ್ದವರು. ಬ್ರಿಟಿಷರು ಹೋದ ಮೇಲೂ ಬಿಡುಗಡೆ ನಿಲ್ಲಲಿಲ್ಲ, ಬಂಧನವೂ ನಿಲ್ಲಲಿಲ್ಲ. ವಿಚಾರಣೆಯಿಲ್ಲದೆ ಹಿಡಿದಿಡುವುದು ಸರಿಯಾ ಅಂತ ಸುಪ್ರೀಂ ಕೋರ್ಟಿಗೆ ಹೋದರು. 1950ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಇವತ್ತಿಗೂ ಕಾನೂನು ಓದುವ ನಮ್ಮ ಮಕ್ಕಳು ಮೊದಲ ವರ್ಷದಲ್ಲೇ ಓದುವ ಗೋಪಾಲನ್ ಕೇಸು ಅಂದರೆ ಇದೇ.

1952ರ ಮೊದಲ ಮಹಾಚುನಾವಣೆಯಲ್ಲಿ ಕಣ್ಣೂರಿನಿಂದ ಲೋಕಸಭೆಗೆ ಹೋದರು. ನೆಹರೂ ಎದುರಿನ ಸಾಲಿನಲ್ಲಿ ಕಮ್ಯುನಿಸ್ಟ್ ಗುಂಪಿನ ನಾಯಕ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಮರುವರ್ಷ ಕಾಸರಗೋಡು ಕ್ಷೇತ್ರಕ್ಕೆ ನಿಂತವರು ಎ.ಕೆ.ಜಿ. ಆ ಹೊತ್ತಿನ ಮನಸ್ಸು ನೆನಪಿಟ್ಟುಕೊಳ್ಳಬೇಕು. ಕನ್ನಡ, ತುಳು, ಬ್ಯಾರಿ ಆಡುವ ಉತ್ತರ ಭಾಗದವರಿಗೆ ತಮ್ಮನ್ನು ಕೇಳದೆ ಗೆರೆ ಎಳೆದ ನೋವು ಇತ್ತು. ಮಂಜೇಶ್ವರದಲ್ಲಿ ಅದೇ ವರ್ಷ ಎಂ. ಉಮೇಶ ರಾವ್ ವಿಧಾನಸಭೆಗೆ ಅವಿರೋಧವಾಗಿ ಆರಿಸಿ ಬಂದದ್ದು ಆ ನೋವಿನ ಗುರುತು. ಅಂಥ ಕಡೆ ಮಲಯಾಳದ ನಾಯಕನೊಬ್ಬ ಬಂದು ನಿಂತದ್ದು ಎಲ್ಲರಿಗೂ ಹಿಡಿಸಿತ್ತು ಅಂತ ನಾವು ಹೇಳುವುದಿಲ್ಲ. ಗಡಿಯ ವಿಷಯದಲ್ಲಿ ಕನ್ನಡಿಗರಿಗೆ ಅವರಿಂದ ಸಮಾಧಾನ ಸಿಗಲೂ ಇಲ್ಲ. ಆದರೂ 1957, 1962, 1967, ಮೂರು ಸಲವೂ ಗೆದ್ದರು. 1971ರಲ್ಲಿ ಮಾತ್ರ ಪಾಲಕ್ಕಾಡಿಗೆ ಹೋದರು.

ದಿಲ್ಲಿಯಲ್ಲಿ ಅವರು ಮಾಡಿದ ಒಂದು ಕೆಲಸ ನಮ್ಮ ಜಗಲಿಗೆ ಸಂಬಂಧಪಟ್ಟದ್ದು. ಬೀಡಿ, ಸಿಗಾರ್ ಕಾರ್ಮಿಕರಿಗಾಗಿ ಇಡೀ ದೇಶಕ್ಕೆ ಒಂದೇ ಕಾನೂನು ಬೇಕೆಂದು ಖಾಸಗಿ ಮಸೂದೆ ತಂದರು. ದೇಶಕ್ಕೆ ಒಂದೇ ಕಾನೂನು ಯಾಕೆ? ಬೀಡಿ ಕಂಪೆನಿಗೆ ದೊಡ್ಡ ಯಂತ್ರ ಬೇಡ, ಹೊಗೆಗೂಡು ಬೇಡ. ಹೊಗೆಸೊಪ್ಪು ನಿಪ್ಪಾಣಿಯಿಂದಲೋ ಗುಜರಾತಿನಿಂದಲೋ ಬರುತ್ತದೆ, ಎಲೆ ಮಧ್ಯಪ್ರದೇಶದ ಕಾಡಿನಿಂದ ಬರುತ್ತದೆ, ಕಟ್ಟುವ ಕೈ ಎಲ್ಲಿ ಅಗ್ಗವೋ ಅಲ್ಲಿಗೆ ಎರಡನ್ನೂ ಲಾರಿಯಲ್ಲಿ ಕಳಿಸಿದರಾಯಿತು. ಒಂದು ರಾಜ್ಯ ಕೂಲಿ ಹೆಚ್ಚು ಮಾಡಿದರೆ ಕಂಪೆನಿ ಗೋಣಿಚೀಲ ಕಟ್ಟಿಕೊಂಡು ಪಕ್ಕದ ರಾಜ್ಯಕ್ಕೆ. ಇನ್ನೊಂದು ಸಂಗತಿ ಮಾಲಕ ಯಾರು ಎಂಬುದು. ಗುತ್ತಿಗೆದಾರನನ್ನು ಕೇಳಿದರೆ ಕಂಪೆನಿ ಕಡೆ ಬೆರಳು, ಕಂಪೆನಿಯನ್ನು ಕೇಳಿದರೆ ಗುತ್ತಿಗೆದಾರನ ಕಡೆ ಬೆರಳು. ಬನಹಟ್ಟಿ, ರಬಕವಿ ಕಡೆಯ ನೇಕಾರರ ಮನೆಯಲ್ಲಿ ಮಗ್ಗ ಇರುವ ಹಾಗೆ ನಮ್ಮಲ್ಲಿ ತಡ್ಪೆ. ಮನೆಯೊಳಗೆ ಕೂತು ದುಡಿಯುವವರನ್ನು ಕಾರ್ಮಿಕರು ಅಂತ ಕರೆಯುವುದೋ ಬೇಡವೋ ಎಂಬಲ್ಲೇ ತಕರಾರು.

ಪ್ರತಿಪಕ್ಷದವರ ಖಾಸಗಿ ಮಸೂದೆ ಪಾಸಾಗುವುದು ಅಪರೂಪ. ಅದೂ ಪಾಸಾಗಲಿಲ್ಲ. ಆದರೆ ಬೇಡಿಕೆ ಸಾಯಲಿಲ್ಲ. ಬೇರೆ ಬೇರೆ ಕಡೆಯ ಯೂನಿಯನ್‌ಗಳು ಕೂಗುತ್ತಲೇ ಇದ್ದವು. ಕೊನೆಗೆ 1966ರಲ್ಲಿ ಸರಕಾರವೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ತಂದಿತು. ಕೆಲಸದ ಹೊತ್ತಿಗೆ ಮಿತಿ, ಇಪ್ಪತ್ತು ದಿನ ದುಡಿದರೆ ಒಂದು ದಿನದ ಸಂಬಳದ ರಜೆ, ಹೆರಿಗೆ ಸೌಲಭ್ಯ, ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಎಂಬ ಮಾತು, ಗುತ್ತಿಗೆದಾರನ ಹಿಂದೆ ಇರುವ ಕಂಪೆನಿಯೇ ಜವಾಬ್ದಾರ ಎಂಬ ಮಾತು, ಎಲ್ಲ ಅದರಲ್ಲಿ ಬಂತು. ಕಾಯ್ದೆಯ ಕೆಳಗೆ ರಾಜ್ಯದವರು ಮಾಡಿದ ನಿಯಮದಲ್ಲಿ, ನೂರಕ್ಕೆ ಐದಕ್ಕಿಂತ ಹೆಚ್ಚು ಬೀಡಿಯನ್ನು ಸರಿಯಿಲ್ಲ ಅಂತ ತೆಗೆದು ಹಾಕಬಾರದು ಎಂದಾಯಿತು. ಈ ಕೊನೆಯದನ್ನು ಓದಿ ನಗು ಬಂದರೆ ತಪ್ಪಲ್ಲ. ಐದರ ಲೆಕ್ಕ ಬ್ರಾಂಚಿನ ಮೇಜಿನವರೆಗೆ ಬಂದು ಮುಟ್ಟಿದ್ದು ಎಷ್ಟು ದಿನ ಅಂತ ಕಟ್ಟಿದವರಿಗೇ ಗೊತ್ತು.

ಮುಂದಿನದು ಸ್ವಲ್ಪ ಕಹಿ. ಕಾಯ್ದೆ ಆಯ್ತು, ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿ. ಕೇರಳದಲ್ಲಿ 1967ರಲ್ಲಿ ಇಎಂಎಸ್ ಸರಕಾರ ಬಂದಿತ್ತು. ಮುಸ್ಲಿಂ ಲೀಗ್ ಕೂಡ ಪಾಲುದಾರನಾಗಿದ್ದ ಏಳು ಪಕ್ಷಗಳ ಸರಕಾರ ಅದು. ಅವರು 1968ರ ಅಕ್ಟೋಬರಿನಲ್ಲಿ ಕಾಯ್ದೆಯನ್ನು ಜಾರಿಗೆ ತಂದರು. ಕಣ್ಣೂರಿನಲ್ಲಿ ಬೀಡಿ ಮಾಡಿಸುತ್ತಿದ್ದ ದೊಡ್ಡ ಕಂಪೆನಿಗಳು ನಮ್ಮ ಮಂಗಳೂರಿನವೇ. ಈ ಷರತ್ತಿಗೆ ನಮಗಾಗುವುದಿಲ್ಲ ಅಂತ ಅಲ್ಲಿಯ ಕೆಲಸ ಮುಚ್ಚಿದವು. ಹನ್ನೆರಡು ಸಾವಿರದಷ್ಟು ಜನ ಒಮ್ಮೆಲೇ ಬೀದಿಗೆ. ಕಾಸರಗೋಡು ತಾಲೂಕು ಕೂಡ ಆಗ ಕಣ್ಣೂರು ಜಿಲ್ಲೆಯೊಳಗೇ ಇತ್ತು.

ಕೆಲಸ ಕಳಕೊಂಡವರು ಏನು ಮಾಡಿದರು? 1969ರ ಫೆಬ್ರವರಿ 15ರಂದು ಸಹಕಾರ ಸಂಘ ಕಟ್ಟಿ ತಾವೇ ಮಾಲಕರಾದರು. ಅದೇ ಕೇರಳ ದಿನೇಶ್ ಬೀಡಿ. ಸರಕಾರ ಸಾಲ ಕೊಟ್ಟಿತು, ಜಿ.ಕೆ. ಪಣಿಕ್ಕರ್ ಅಧ್ಯಕ್ಷರಾದರು. ಸುಮಾರು ಮೂರು ಸಾವಿರ ಜನರಿಂದ ಶುರುವಾಗಿ ಮುಂದೆ ನಲ್ವತ್ತು ಸಾವಿರ ದಾಟಿತು. ಬೀಡಿ ಸೇದುವವರು ಕಡಿಮೆಯಾದ ಮೇಲೆ ಈಗ ಕೊಡೆ, ತೆಂಗಿನಹಾಲು, ಮಸಾಲೆ ಅಂತ ಮಾಡುತ್ತಿದ್ದಾರೆ.

ಇಂಥ ಸಂಘದ ದಾರಿ ಎ.ಕೆ.ಜಿ.ಗೆ ಹೊಸದಲ್ಲ. 1950ರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ, ಕೆಲಸ ಹೋದ ಸಪ್ಲಯರುಗಳನ್ನೂ ಅಡುಗೆಯವರನ್ನೂ ಕೂಡಿಸಿ ನೀವೇ ನಡೆಸಿ ಅಂತ ಹುರಿದುಂಬಿಸಿದವರು ಅವರು. 1957ರಲ್ಲಿ ಅಂಥ ಮೊದಲ ಕಾರ್ಮಿಕರ ಸಹಕಾರ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಕೇರಳದ ಇಂಡಿಯನ್ ಕಾಫಿ ಹೌಸ್‌ಗೆ ಹೋದವರು ಗೋಡೆಯ ಮೇಲೆ ಅವರ ಪಟ ನೋಡಿರಬಹುದು.

ಆದರೆ ಗಡಿಯ ಈಚೆ ಏನಾಯಿತು? ಕಣ್ಣೂರಿನಲ್ಲಿ ನಿಂತ ಬೀಡಿ ಕಂಪೆನಿಗೆ ಬೇಡವಾಗಲಿಲ್ಲವಲ್ಲ. ಎಲೆ, ಹುಡಿ ಎರಡೂ ದಕ್ಷಿಣ ಕನ್ನಡದ ಹಳ್ಳಿ ಹಳ್ಳಿಯ ಬ್ರಾಂಚುಗಳಿಗೆ ಬಂತು, ಅಲ್ಲಿಂದ ಮನೆಗಳಿಗೆ. ಅಲ್ಲಿ ಗಂಡಸರು ಒಂದೇ ಸೂರಿನ ಕೆಳಗೆ ಕೂತು ಪೇಪರ್ ಓದಿಸಿ ಯೂನಿಯನ್ ಕಟ್ಟಿದರು. ಇಲ್ಲಿ ನಮ್ಮ ಉಮ್ಮಂದಿರು, ಪಕ್ಕದ ಮನೆಯ ಬಿಲ್ಲವ, ಮೊಗವೀರ, ಕುಲಾಲ ಹೆಂಗಸರು ಒಬ್ಬೊಬ್ಬರೇ ತಮ್ಮ ತಮ್ಮ ಜಗಲಿಯಲ್ಲಿ ಕಟ್ಟಿದರು. ಪರದೆಯೊಳಗೆ ಇದ್ದುಕೊಂಡೇ ನಾಲ್ಕು ಕಾಸು ಕೈಗೆ ಬಂತು ಎಂಬುದು ನಿಜ. ಎಷ್ಟೋ ಮನೆಯಲ್ಲಿ ಗಂಡಸಿನ ದುಡಿಮೆ ನಿಂತಾಗ ಒಲೆ ಉರಿದದ್ದು ಅದರಿಂದಲೇ. ಕೂತು ಕೂತು ಸೊಂಟ ಹೋದದ್ದು, ಹುಡಿಗೆ ಕೆಮ್ಮು ಹಿಡಿದದ್ದು, ಶಾಲೆ ಬಿಡಿಸಿ ಹುಡುಗಿಯನ್ನು ತಡ್ಪೆ ಮುಂದೆ ಕೂರಿಸಿದ್ದು, ಅದೂ ನಿಜ. ಎ.ಕೆ.ಜಿ. ಬಯಸಿದ್ದು ಈ ಎರಡನೆಯದನ್ನಲ್ಲ. ಆದರೆ ಎಲ್ಲ ರಾಜ್ಯಕ್ಕೂ ಒಂದೇ ಕಾನೂನು ಬಂದರೂ ಎಲ್ಲ ರಾಜ್ಯದಲ್ಲೂ ಒಂದೇ ಬಿಗಿಯಲ್ಲಿ ಜಾರಿಯಾಗದಿದ್ದರೆ ಭಾರ ಬೀಳುವುದು ಪಕ್ಕದವರ ತಲೆ ಮೇಲೆ. ನಮ್ಮ ಅಭಿಪ್ರಾಯದಲ್ಲಿ ಆ ಪಕ್ಕದವರು ನಾವೇ ಆದೆವು.

ಕಾಯ್ದೆ ಸುಲಭವಾಗಿ ನಿಲ್ಲಲೂ ಇಲ್ಲ. ಸಂಸತ್ತಿಗೆ ಇಂಥ ಕಾನೂನು ಮಾಡುವ ಅಧಿಕಾರ ಉಂಟಾ, ಮನೆಯಲ್ಲಿ ಕಟ್ಟುವವರಿಗೆ ಕಂಪೆನಿ ಯಾಕೆ ಜವಾಬ್ದಾರ ಅಂತ ಮಾಲಕರು ಸುಪ್ರೀಂ ಕೋರ್ಟಿಗೆ ಹೋದರು. ಆ ಕೇಸಿಗೆ ಹೆಸರು ಬಂದದ್ದೇ ಮಂಗಳೂರು ಗಣೇಶ್ ಬೀಡಿ ವರ್ಕ್ಸ್‌ನಿಂದ. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1950ರಲ್ಲಿ ತನ್ನ ಸ್ವಂತ ಕೇಸು ಸೋತಿದ್ದ ಮನುಷ್ಯ ಬದುಕಿರುವಾಗಲೇ ಬೀಡಿಯವರ ಕೇಸು ಗೆದ್ದಿತು.

ವಯಸ್ಸಾದ ಮೇಲೂ ಅವರು ಸುಮ್ಮನೆ ಕೂರುವ ಪೈಕಿ ಅಲ್ಲ. 1961ರಲ್ಲಿ ಇಡುಕ್ಕಿ ಕಡೆಯ ಅಮರಾವತಿಯಲ್ಲಿ ಒಕ್ಕಲೆಬ್ಬಿಸಿದ ಕುಟುಂಬಗಳನ್ನು ಮಳೆಯಲ್ಲಿ ಬಿಟ್ಟಿದ್ದಾರೆಂದು ತಿಳಿದಾಗ ಅಲ್ಲಿಗೇ ಹೋಗಿ ಉಪವಾಸ ಕೂತರು. ಆ ಕುಟುಂಬಗಳಲ್ಲಿ ಹೆಚ್ಚಿನವರು ಅವರ ಪಕ್ಷದವರಲ್ಲ. 1964ರಲ್ಲಿ ಪಕ್ಷ ಎರಡಾದಾಗ ಸಿಪಿಎಂ ಕಡೆ ನಿಂತರು. ತುರ್ತು ಪರಿಸ್ಥಿತಿಯಲ್ಲಿ ಆರೋಗ್ಯ ಕೆಟ್ಟಿದ್ದರೂ ಸಂಸತ್ತಿನಲ್ಲಿ ಅದನ್ನು ವಿರೋಧಿಸಿ ಮಾತಾಡಿದರು. 1977ರ ಮಾರ್ಚ್ 22ರಂದು ತಿರುವನಂತಪುರದಲ್ಲಿ ತೀರಿಕೊಂಡರು. ಇಂದಿರಾ ಗಾಂಧಿ ಸೋತ ಸುದ್ದಿ ಬಂದು ಒಂದೆರಡು ದಿನ ಆಗಿತ್ತಷ್ಟೆ, ತುರ್ತು ಪರಿಸ್ಥಿತಿ ಹಿಂದಿನ ದಿನ ತಾನೇ ಎದ್ದಿತ್ತು.

ಅವರು ತೀರಿ ಎರಡು ತಿಂಗಳಾಗುವಾಗ ಬೀಡಿ ಕಸುಬನ್ನೂ ಪಿಎಫ್ ಕಾಯ್ದೆಯೊಳಗೆ ಸೇರಿಸಿದರು. ಮನೆಯಲ್ಲಿ ಕಟ್ಟುವವರಿಗೆ ಅದು ಸಲ್ಲುವುದಿಲ್ಲ ಅಂತ ಮಾಲಕರು ಮತ್ತೆ ಕೋರ್ಟು ಹತ್ತಿದರು. ಸಲ್ಲುತ್ತದೆ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1985ರಲ್ಲಿ. ಇವತ್ತು ನಮ್ಮ ಮನೆಗಳಲ್ಲಿ ಕಣ್ಣು ಮಂಜಾದ ಉಮ್ಮಂದಿರು ತಿಂಗಳಿಗೊಮ್ಮೆ ಪಾಸ್‌ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗಿ ತರುವ ಸಣ್ಣ ಪಿಂಚಣಿ ಆ ಲೆಕ್ಕದಿಂದ ಬಂದದ್ದು.