ಗೇಣಿದಾರರ ಬಂಧು ದಿವಂಗತ ಡಿ. ದೇವರಾಜ ಅರಸು

ಭೂಮಿಯನ್ನು ಉಳುವುದು ಒಂದು ಮಾತು. ಉಳುವ ಭೂಮಿ ತನ್ನದೆಂದು ದಾಖಲೆಯಲ್ಲಿ ತೋರಿಸಬಲ್ಲೆನೆಂಬುದು ಇನ್ನೊಂದು ಮಾತು. ಕನ್ನಡ ನಾಡಿನ ಲಕ್ಷಾಂತರ ರೈತ ಕುಟುಂಬಗಳು ತಲೆತಲಾಂತರದಿಂದ ಮೊದಲನೆಯದನ್ನು ಮಾಡುತ್ತ ಬಂದು ಎರಡನೆಯದರಿಂದ ವಂಚಿತವಾಗಿದ್ದವು. ದಾಖಲೆಯಲ್ಲಿ ಹೆಸರಿಲ್ಲದವನಿಗೆ ಸಹಕಾರ ಸಂಘದ ಸಾಲವಿಲ್ಲ. ಬಾವಿ ತೋಡಲು ನೆರವಿಲ್ಲ. ಮುಂದಿನ ವರ್ಷ ಅದೇ ಹೊಲದಲ್ಲಿ ನೇಗಿಲು ಹೂಡುವೆನೆಂಬ ಭರವಸೆಯೂ ಇಲ್ಲ. ಈ ಅನಾಮಿಕ ದುಡಿಮೆಗಾರನ ಹೆಸರನ್ನು ಸರ್ಕಾರದ ಕಾಗದದ ಮೇಲೆ ಬರೆಯಿಸಿದ ಕೀರ್ತಿ ಬಹುಮಟ್ಟಿಗೆ ಶ್ರೀ ಡಿ. ದೇವರಾಜ ಅರಸು ಅವರಿಗೆ ಸಲ್ಲುತ್ತದೆ.

ಈ ಕೊರತೆ ದೂರದ ಮಲೆನಾಡಿಗೆ ಮಾತ್ರ ಸೇರಿದ್ದಲ್ಲ. 1881ರಿಂದ 1947ರವರೆಗೆ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಬೆಂಗಳೂರು ದಂಡು ಪ್ರದೇಶದ ಪೂರ್ವಕ್ಕೆ, ಹಲಸೂರಿನಾಚೆ ಕೃಷ್ಣರಾಜಪುರ, ವರ್ತೂರುಗಳವರೆಗೆ ಹಬ್ಬಿದ್ದ ಹಳ್ಳಿಗಳು ರಾಗಿ, ಅವರೆ, ಸೊಪ್ಪು, ತರಕಾರಿಗಳನ್ನು ಬೆಳೆಯುತ್ತಿದ್ದವು. 1927ರಲ್ಲಿ ಕಟ್ಟಿದ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಇಂಥ ಸುತ್ತಣ ಹಳ್ಳಿಗಳಿಂದಲೇ ಬುಟ್ಟಿಗಳು ಬರಬೇಕಾಗಿತ್ತು. ಆ ಬುಟ್ಟಿ ಹೊತ್ತವರಲ್ಲಿ ಸ್ವಂತ ಜಮೀನಿನವರೂ ಇದ್ದರು, ವಾರಕ್ಕೋ ಗುತ್ತಿಗೆಗೋ ಇನ್ನೊಬ್ಬರ ನೆಲವನ್ನು ಮಾಡುತ್ತಿದ್ದವರೂ ಇದ್ದರು. ಮಾರುಕಟ್ಟೆಯಲ್ಲಿ ಇಬ್ಬರ ತರಕಾರಿಗೂ ಒಂದೇ ಬೆಲೆ. ತಾಲ್ಲೂಕು ಕಚೇರಿಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಬೆಲೆ ಇರಲಿಲ್ಲ.

ದೇವರಾಜ ಅರಸು ಅವರು 1915ನೆಯ ಆಗಸ್ಟ್ 20ರಂದು ಜನಿಸಿದರು. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಊರು. ಅರಮನೆಗೆ ಸಂಬಂಧಪಟ್ಟ ಅರಸು ಜನಾಂಗದಲ್ಲಿ ಹುಟ್ಟಿದರೂ ಅವರದು ವ್ಯವಸಾಯದ ಮನೆ. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿ ಪಡೆದರು. ಪದವೀಧರರು ವಿರಳವಾಗಿದ್ದ ಆ ಕಾಲದಲ್ಲಿ ಸರ್ಕಾರಿ ಹುದ್ದೆಯನ್ನು ಅರಸಿ ಹೋಗದೆ, ಕಲ್ಲಹಳ್ಳಿಗೆ ಹಿಂದಿರುಗಿ ಬೇಸಾಯಕ್ಕೆ ನಿಂತರು. ಮಳೆಯ ಚಂಚಲತೆ, ಬಿತ್ತನೆಯ ಹೊತ್ತಿನ ಕೈಸಾಲ, ಸುಗ್ಗಿಯಲ್ಲಿ ಕಣದಿಂದಲೇ ಎದ್ದುಹೋಗುವ ಧಾನ್ಯ ಇವು ಗ್ರಂಥಗಳಿಂದ ಕಲಿಯಬೇಕಾದ ಸಂಗತಿಗಳಾಗಿ ಅವರಿಗೆ ಉಳಿಯಲಿಲ್ಲ.

1941ರಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಚುನಾಯಿತರಾದರು. ಮರುವರ್ಷ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದರು. 1952ರ ಮೊದಲ ಮಹಾಚುನಾವಣೆಯಿಂದ ಹುಣಸೂರು ಅವರ ಕ್ಷೇತ್ರವಾಯಿತು. 1960ರ ದಶಕದಲ್ಲಿ ಸಚಿವರಾಗಿ ಆಡಳಿತದ ಒಳಹೊರಗನ್ನು ಕಂಡುಕೊಂಡರು. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ರಾಜ್ಯದ ಹಿರಿಯ ನಾಯಕರಲ್ಲಿ ಬಹುಮಂದಿ ಶ್ರೀ ಎಸ್. ನಿಜಲಿಂಗಪ್ಪನವರೊಡನೆ ನಿಂತರೆ, ಅರಸು ಅವರು ಶ್ರೀಮತಿ ಇಂದಿರಾ ಗಾಂಧಿಯವರ ಪಕ್ಷವನ್ನು ಇಲ್ಲಿ ಕಟ್ಟುವ ಹೊಣೆ ಹೊತ್ತರು. 1972ರ ಮಾರ್ಚ್ 20ರಂದು ಅವರು ಮುಖ್ಯಮಂತ್ರಿಗಳಾದರು. ಮರುವರ್ಷ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದೂ ಅವರ ಕಾಲದಲ್ಲಿಯೇ.

ಗೇಣಿದಾರರ ಪ್ರಶ್ನೆ ಅವರಿಂದ ಮೊದಲಾದುದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ವಿವಾದ ಸತ್ಯಾಗ್ರಹದ ರೂಪ ತಾಳಿತು. ಶ್ರೀ ಎಚ್. ಗಣಪತಿಯಪ್ಪ ಮತ್ತು ಶ್ರೀ ಶಾಂತವೇರಿ ಗೋಪಾಲಗೌಡರು ಅದರ ಮುಂದಾಳುಗಳಾದರು, ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. 1954 ಮತ್ತು 1955ರ ಕಾನೂನುಗಳು ಇನಾಂ ಪದ್ಧತಿಯನ್ನು ರದ್ದುಮಾಡಿದವು. ಶ್ರೀ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿಯ ವರದಿ ಬಂತು; ಶ್ರೀ ಕಡಿದಾಳ್ ಮಂಜಪ್ಪನವರ ಶ್ರಮದಿಂದ 1961ರಲ್ಲಿ ಭೂಸುಧಾರಣಾ ಕಾಯ್ದೆ ರೂಪುಗೊಂಡು, 1965ನೆಯ ಅಕ್ಟೋಬರ್ 2ರಂದು ಜಾರಿಗೆ ಬಂತು. ಅರಸು ಅವರು ಕಟ್ಟಿದ್ದು ಈ ಹಿರಿಯರು ಹಾಕಿದ ಅಡಿಪಾಯದ ಮೇಲೆಯೇ.

ಆದರೆ ಆ ಕಾಯ್ದೆಯಲ್ಲಿ ಕಿಂಡಿಗಳಿದ್ದವು. ತಾನೇ ಸಾಗುವಳಿ ಮಾಡುವೆನೆಂದು ಹೇಳಿ ಮಾಲೀಕನು ಜಮೀನಿನ ಒಂದು ಭಾಗವನ್ನು ಹಿಂದಕ್ಕೆ ಪಡೆಯಬಹುದಾಗಿತ್ತು. ಗೇಣಿದಾರನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟನೆಂಬ ಕಾಗದ ಹುಟ್ಟಿಸುವುದೂ ಕಷ್ಟವಾಗಿರಲಿಲ್ಲ. ವಿವಾದ ಹುಟ್ಟಿದರೆ ಕೋರ್ಟಿನ ಮೆಟ್ಟಿಲು ಹತ್ತಬೇಕು; ಅಲ್ಲಿ ರುಜುವಾತು ಕೇಳುತ್ತಾರೆ. ಬಾಯಿಮಾತಿನ ಗೇಣಿಗೆ ರುಜುವಾತೆಲ್ಲಿ? ಪಹಣಿಯ ಸಾಗುವಳಿದಾರರ ಕಾಲಮ್ಮಿನಲ್ಲಿ ಯಾರ ಹೆಸರು ಬರೆಯಬೇಕೆಂಬುದು ಗ್ರಾಮದ ಲೆಕ್ಕ ಬರೆಯುವವರ ಕೈಯಲ್ಲಿತ್ತು. ಕಾನೂನು ಗೇಣಿದಾರನ ಪರವಾಗಿದ್ದರೂ ಕಾಗದ ಅವನ ವಿರುದ್ಧವಾಗಿತ್ತು.

ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ನೆಯ ಮಾರ್ಚ್ 1ರಿಂದ ಜಾರಿಯಾಯಿತು. ಆ ದಿನದಂದು ಗೇಣಿಗೆ ಕೊಟ್ಟಿದ್ದ ಎಲ್ಲ ಕೃಷಿ ಜಮೀನೂ ಸರ್ಕಾರದಲ್ಲಿ ನಿಹಿತವಾಯಿತು. ಉಳುತ್ತಿದ್ದವನು ಅಧಿಭೋಗದ ಹಕ್ಕನ್ನು ಕೋರಿ ಸರ್ಕಾರಕ್ಕೆ ಅರ್ಜಿ ಹಾಕಬೇಕೆಂದಾಯಿತು. ಮಾಲೀಕನಿಗೂ ಗೇಣಿದಾರನಿಗೂ ನಡುವಣ ಹಗ್ಗಜಗ್ಗಾಟ ಹೀಗೆ ಕೊನೆಗೊಂಡು, ಸರ್ಕಾರವೇ ಮಧ್ಯದಲ್ಲಿ ನಿಂತಿತು. ಮಾಲೀಕನಿಗೆ ಕಾಯ್ದೆ ಗೊತ್ತುಪಡಿಸಿದ ಮೊಬಲಗು ಸಲ್ಲುವುದು. ಗೇಣಿದಾರನು ತನ್ನ ಪಾಲಿನ ಹಣವನ್ನು ಕಂತುಗಳಲ್ಲಿ ಸರ್ಕಾರಕ್ಕೆ ಕಟ್ಟುವನು. ಹೊಸದಾಗಿ ಗೇಣಿಗೆ ಕೊಡುವುದನ್ನು ನಿಷೇಧಿಸಲಾಯಿತು. ಭೂಮಿತಿ ಮೊದಲ ದರ್ಜೆಯ ನೆಲದ ಲೆಕ್ಕದಲ್ಲಿ ಸಾಮಾನ್ಯವಾಗಿ ಕುಟುಂಬಕ್ಕೆ 10 ಎಕರೆಗೆ ಇಳಿಯಿತು.

ಈ ಕಾಯ್ದೆಯ ಜೀವ ಅದರ ವಿಧಾನದಲ್ಲಿತ್ತು. ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ರಚನೆಯಾದವು. ಅಸಿಸ್ಟೆಂಟ್ ಕಮೀಷನರರು ಅಧ್ಯಕ್ಷರು. ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ಗೇಣಿದಾರನು ಸಲ್ಲಿಸಬೇಕಾದುದು ಏಳನೆಯ ನಮೂನೆಯ ಒಂದು ಅರ್ಜಿ. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಓದು ಬಾರದವನು ತನ್ನ ಹೊಲದ ಎಲ್ಲೆಯನ್ನು ತನ್ನ ಮಾತಿನಲ್ಲಿಯೇ ಹೇಳಬಹುದಾಗಿತ್ತು. ನೆರೆಹೊರೆಯವರ ಹೇಳಿಕೆಗೂ ಬೆಲೆ ಬಂತು. ಅರ್ಜಿ ಹಾಕುವ ಅವಧಿ 1974ರ ಕೊನೆಗೆ ಮುಗಿಯಬೇಕಾಗಿತ್ತು. ಭಯದಿಂದಲೋ ತಿಳಿವಳಿಕೆಯ ಕೊರತೆಯಿಂದಲೋ ಹಿಂದುಳಿದವರಿಗಾಗಿ ಅದನ್ನು ಮತ್ತೆ ಮತ್ತೆ ವಿಸ್ತರಿಸಿ, 1979ರ ಜೂನ್ 30ರವರೆಗೆ ತರಲಾಯಿತು. ಒಟ್ಟು 8 ಲಕ್ಷಕ್ಕೂ ಮಿಗಿಲಾದ ಅರ್ಜಿಗಳು ಬಂದವು. ಅವುಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು.

ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿ ಮತ್ತು ಮಲೆನಾಡುಗಳಲ್ಲಿ ಇದರ ಫಲ ಎದ್ದು ಕಂಡಿತು. ಬೆಂಗಳೂರಿನ ಪೂರ್ವದ ಹಳ್ಳಿಗಳಲ್ಲಿ ಗೇಣಿ ಅಷ್ಟು ವ್ಯಾಪಕವಾಗಿರದಿದ್ದರೂ ಪ್ರಶ್ನೆ ಬೇರೊಂದು ಬಗೆಯಲ್ಲಿ ತೀಕ್ಷ್ಣವಾಗಿತ್ತು. ಆಗ ಬೆಂಗಳೂರು ದಕ್ಷಿಣ ತಾಲ್ಲೂಕಿಗೆ ಸೇರಿದ್ದ ಕೃಷ್ಣರಾಜಪುರ ಹೋಬಳಿಯ ಕಡೆಗೆ ನಗರ ದಾಪುಗಾಲು ಹಾಕುತ್ತಿತ್ತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ ಬಂದಿದ್ದವು. 1970ರ ದಶಕದಲ್ಲಿ ಇಂದಿರಾನಗರದ ಬಡಾವಣೆ ಬೆಳೆಯಿತು. ಹೊಲವು ನಿವೇಶನವಾಗುವಾಗ ಪರಿಹಾರದ ಹಣ ದಾಖಲೆಯಲ್ಲಿರುವ ಹೆಸರನ್ನು ಹಿಂಬಾಲಿಸುತ್ತದೆ, ಬೆವರನ್ನು ಹಿಂಬಾಲಿಸುವುದಿಲ್ಲ. ಏಳನೆಯ ನಮೂನೆ ಸಲ್ಲಿಸಿ ಗೆದ್ದವನು ಆ ಲೆಕ್ಕದಲ್ಲಿ ಒಬ್ಬ ಹಕ್ಕುದಾರನಾದ. ಸಲ್ಲಿಸದವನು ಬುಟ್ಟಿ ಎತ್ತಿಕೊಂಡು ಇನ್ನೊಂದು ಊರಿನ ದಾರಿ ಹಿಡಿಯಬೇಕಾಯಿತು. 1979ರ ತಿದ್ದುಪಡಿಯಿಂದ ಹಳೆಯ ಇನಾಂ ಜಮೀನುಗಳ ಗೇಣಿದಾರರ ಹಕ್ಕಿನ ತೀರ್ಮಾನವೂ ಭೂ ನ್ಯಾಯಮಂಡಳಿಗಳ ಮುಂದೆಯೇ ಬಂತು. ಇಂದಿಗೂ ಈ ಭಾಗದ ನಿವೇಶನಗಳ ಮೂಲಪತ್ರಗಳನ್ನು ಬಿಡಿಸುತ್ತ ಹೋದರೆ ಎಷ್ಟೋ ಕಡೆ ನ್ಯಾಯಮಂಡಳಿಯ ಆದೇಶವೊಂದು ಕೈಗೆ ಸಿಗುತ್ತದೆ.

ಇಷ್ಟು ದೊಡ್ಡ ಪಲ್ಲಟ ನೋವಿಲ್ಲದೆ ನಡೆಯಲಿಲ್ಲ. ಹಿಂದಿನ ಕಾಯ್ದೆ ವಿಧವೆಯರಿಗೂ ಅಪ್ರಾಪ್ತರಿಗೂ ಕೊಟ್ಟಿದ್ದ ರಿಯಾಯಿತಿ ಹೋಯಿತು. ಎರಡು ಎಕರೆಯ ಗೇಣಿಯಿಂದ ಜೀವನ ನಡೆಸುತ್ತಿದ್ದ ಒಂಟಿ ಹೆಂಗಸಿಗೂ, ನೂರು ಎಕರೆಯ ಒಡೆಯನಿಗೂ ಒಂದೇ ನಿಯಮ ಅನ್ವಯಿಸಿತು. ಗೇಣಿಗೆ ಕೊಡುವ ಅವಕಾಶ ಉಳಿದುದು ಸೈನಿಕರಿಗೆ ಮತ್ತು ನಾವಿಕರಿಗೆ. ಹಲಸೂರು ಕೆರೆಯ ದಂಡೆಯ ಸೇನಾ ನೆಲೆಯಲ್ಲಿ ದುಡಿಯುವ ರೈತನ ಮಗನು ತನ್ನ ಪಾಲಿನ ಹೊಲವನ್ನು ನಿಶ್ಚಿಂತೆಯಿಂದ ಇನ್ನೊಬ್ಬನಿಗೆ ಒಪ್ಪಿಸಬಹುದಾಗಿತ್ತು. ಅವನ ನೆರೆಮನೆಯ ವಿಧವೆಗೆ ಆ ಅನುಕೂಲವಿರಲಿಲ್ಲ. ಮಠ ಮತ್ತು ದೇವಸ್ಥಾನಗಳ ಗೇಣಿ ಜಮೀನುಗಳೂ ಹೊರತಾಗಲಿಲ್ಲ. ಅವುಗಳಿಗೆ ವರ್ಷಾಶನ ನಿಗದಿಯಾಯಿತು. ಭೂಮಿಯ ಹುಟ್ಟುವಳಿಯನ್ನೇ ನೆಚ್ಚಿ ಅನ್ನ ಅಕ್ಷರಗಳ ದಾಸೋಹ ನಡೆಸುತ್ತಿದ್ದ ಸಂಸ್ಥೆಗಳಿಗೆ ಇದು ಕಠಿಣ ಕಾಲ. ಆದರೂ ಕಾಯಕವನ್ನು ಹಿರಿದೆಂದು ಸಾರಿದ ಪರಂಪರೆಯೊಂದು, ಕಾಯಕ ಮಾಡುವವನಿಗೆ ನೆಲ ಸೇರಿದುದನ್ನು ಅಧರ್ಮವೆಂದು ಹೇಳಲಾಗದು. ಭೂಮಿಯ ಆಸರೆ ತಪ್ಪಿದ ಕಡೆಗಳಲ್ಲಿ ಭಕ್ತರ ಮತ್ತು ಹಳೆಯ ವಿದ್ಯಾರ್ಥಿಗಳ ಕೊಡುಗೆಯೇ ಆಸರೆಯಾಯಿತೆಂಬುದೂ ನೆನೆಯತಕ್ಕ ಸಂಗತಿ.

ನೆಲ ಕೊಟ್ಟೊಡನೆ ರೈತನ ಕಷ್ಟ ತೀರದೆಂಬುದು ಅರಸು ಅವರಿಗೆ ತಿಳಿದಿತ್ತು. 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರನ್ನೂ ಭೂರಹಿತ ಕೂಲಿಕಾರರನ್ನೂ ಸಾಹುಕಾರರ ಹಳೆಯ ಸಾಲದಿಂದ ಬಿಡಿಸಿ, ಅಡವಿಟ್ಟ ವಸ್ತುಗಳು ಹಿಂದಿರುಗುವಂತೆ ಮಾಡಿತು. ಜೀತ ಪದ್ಧತಿಯ ನಿರ್ಮೂಲನ, ನಿವೇಶನವಿಲ್ಲದವರಿಗೆ ನಿವೇಶನ, ಬಡವರ ಮನೆಗೆ ಭಾಗ್ಯಜ್ಯೋತಿಯ ದೀಪ ಇವೂ ಅದೇ ದಾರಿಯ ಹೆಜ್ಜೆಗಳು. ಪಹಣಿಯಲ್ಲಿ ಹೆಸರು ಬಂದ ಗೇಣಿದಾರನು ಮೊದಲ ಬಾರಿಗೆ ಸಹಕಾರ ಸಂಘದ ಬಾಗಿಲಲ್ಲಿ ಯಾರ ಜಾಮೀನಿನ ಹಂಗೂ ಇಲ್ಲದೆ, ತನ್ನ ಜಮೀನಿನ ಆಧಾರದ ಮೇಲೆ ಸಾಲ ಕೇಳುವ ಸ್ಥಿತಿಗೆ ಬಂದ.

ಅವರ ಆಡಳಿತ ಕಳಂಕದ ಮಾತಿಗೆ ಹೊರತಾಗಿರಲಿಲ್ಲ. ಅವರ ಸರ್ಕಾರದ ಮೇಲಿನ ಆರೋಪಗಳ ವಿಚಾರಣೆಗೆ 1977ರಲ್ಲಿ ಕೇಂದ್ರ ಸರ್ಕಾರ ಗ್ರೋವರ್ ಆಯೋಗವನ್ನು ನೇಮಿಸಿತು. ಆ ವರ್ಷದ ಕೊನೆಯ ದಿನ ರಾಷ್ಟ್ರಪತಿ ಆಡಳಿತ ಬಂತು. 1978ರ ಫೆಬ್ರವರಿಯಲ್ಲಿ ಮತದಾರರು ಅವರನ್ನು ಮತ್ತೆ ಅಧಿಕಾರಕ್ಕೆ ತಂದರು. 1979ರಲ್ಲಿ ಇಂದಿರಾ ಗಾಂಧಿಯವರೊಡನೆ ಅವರ ಸಂಬಂಧ ಮುರಿಯಿತು. 1980ರ ಜನವರಿಯಲ್ಲಿ ಪದವಿ ತ್ಯಜಿಸಿದ ಅವರು, 1982ನೆಯ ಜೂನ್ 6ರಂದು ನಿಧನ ಹೊಂದಿದರು. ಅವರ ಮರಣಾನಂತರ, 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಭೂಸುಧಾರಣಾ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ವಕೀಲರನ್ನು ಹೊರಗಿಟ್ಟ ನಿಯಮವನ್ನು ಮಾತ್ರ ಒಪ್ಪಲಿಲ್ಲ.

ಅವರು ಬಿಟ್ಟುಹೋದ ಕೆಲಸದಲ್ಲಿ ಒಂದು ಭಾಗ ಇನ್ನೂ ಬಾಕಿಯಿದೆ. ಗೇಣಿ ನಿಷಿದ್ಧವಾದ ಮಾತ್ರಕ್ಕೆ ಗೇಣಿ ನಿಲ್ಲಲಿಲ್ಲ; ಅದು ಮತ್ತೆ ಬಾಯಿಮಾತಿಗೆ ಇಳಿಯಿತು. ಕಾನೂನು ಒಪ್ಪದ ಗೇಣಿದಾರನಿಗೆ ಕಾಗದ ಕೊಡುವವರು ಯಾರು? 2019ರಲ್ಲಿ ಆರಂಭವಾದ ಕೇಂದ್ರದ ಕಿಸಾನ್ ಸಮ್ಮಾನ್ ನೆರವು ಜಮೀನು ಹೊಂದಿದ ಕುಟುಂಬಕ್ಕೆ ಮಾತ್ರ ಸಲ್ಲುತ್ತದೆ. ಬೆಳೆ ವಿಮೆಯ ನಿಯಮಗಳಲ್ಲಿ ಗೇಣಿದಾರನ ಹೆಸರಿದ್ದರೂ, ಗೇಣಿಯ ದಾಖಲೆ ತೋರಿಸಲಾರದವನಿಗೆ ಅದರಿಂದ ಫಲವಿಲ್ಲ. ಬೆಳೆ ಹಾಳಾದಾಗ ನಷ್ಟ ಉಳುವವನದು, ಪರಿಹಾರ ಪಹಣಿಯವನದು ಎಂಬಂತಾಗುತ್ತದೆ. ಭೂಮಿಯ ಹಕ್ಕನ್ನು ಅಲುಗಿಸದೆ ಗೇಣಿಯನ್ನು ದಾಖಲಿಸಬಹುದೆಂದು 2016ರಲ್ಲಿ ನೀತಿ ಆಯೋಗದ ಮಾದರಿ ಕಾನೂನು ಸೂಚಿಸಿತು. ಇತ್ತ ಕರ್ನಾಟಕದಲ್ಲಿ 2020ರ ತಿದ್ದುಪಡಿ, ಹೊರಗಿನ ಆದಾಯವುಳ್ಳವರು ಕೃಷಿಭೂಮಿ ಕೊಳ್ಳಬಾರದೆಂದು 1974ರಿಂದ ಇದ್ದ ತಡೆಯನ್ನು ತೆಗೆದುಹಾಕಿತು. ಕೊಳ್ಳುವವನಿಗೆ ಬಾಗಿಲು ತೆರೆಯಿತು; ಗೇಣಿಗೆ ಉಳುವವನ ಹೆಸರು ಬರೆಯುವ ಪುಸ್ತಕ ಇನ್ನೂ ತೆರೆದಿಲ್ಲ.

ದೇವರಾಜ ಅರಸು ಅವರ ಜೀವನದಿಂದ ಗ್ರಹಿಸಬೇಕಾದ ಪಾಠ ಸರಳವಾದುದು. ಸರ್ಕಾರದ ಔದಾರ್ಯವು ಬಡವನನ್ನು ಮುಟ್ಟಬೇಕಾದರೆ ಮೊದಲು ಅವನ ಹೆಸರು ಸರ್ಕಾರಕ್ಕೆ ಗೊತ್ತಿರಬೇಕು. ಆ ಹೆಸರನ್ನು ಬರೆದುಕೊಳ್ಳುವ ಕ್ರಮವು ಅಕ್ಷರ ಬಾರದವನಿಗೂ ಎಟುಕುವಂತಿರಬೇಕು. ನ್ಯಾಯಮಂಡಳಿಯ ಮುಂದೆ ನಿಂತು ಏಳನೆಯ ನಮೂನೆಗೆ ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ಇಂದು ಶಾಲೆಗಳಲ್ಲಿ ಓದುತ್ತಿದ್ದಾರೆ, ಓದಿಸುತ್ತಲೂ ಇದ್ದಾರೆ. ತಮ್ಮ ಅಜ್ಜನ ಹೆಬ್ಬೆಟ್ಟಿನ ಬೆಲೆಯನ್ನು ಅರಿತು, ಇನ್ನೂ ಹೆಸರಿಲ್ಲದೆ ಉಳುತ್ತಿರುವವನಿಗೆ ಒಂದು ಅರ್ಜಿ ಬರೆದುಕೊಡುವ ಮನಸ್ಸು ಅವರಲ್ಲಿ ಮೂಡಿದರೆ, ಕಲ್ಲಹಳ್ಳಿಯ ಆ ರೈತನಿಗೆ ಸಲ್ಲಿಸಬಹುದಾದ ಸ್ಮರಣೆ ಅದಕ್ಕಿಂತ ಬೇರೊಂದಿಲ್ಲ.