ಬಿ.ಡಿ. ಜತ್ತಿ: ಪುರಸಭೆಯಿಂದ ರಾಷ್ಟ್ರಪತಿ ಭವನಕ್ಕೆ

ಗೆಳೆಯರೇ, ಒಂದು ಸಣ್ಣ ಪುರಸಭೆಯ ಮೆಂಬರ್ ಆಗಿದ್ದವರು ಮುಂದೆ ರಾಷ್ಟ್ರಪತಿಯ ಕೆಲಸ ನೋಡಿಕೊಂಡರು ಅಂದ್ರೆ ನಂಬ್ತೀರಾ? ಅವರೇ ನಮ್ಮ ಕನ್ನಡದವರಾದ ಬಸಪ್ಪ ದಾನಪ್ಪ ಜತ್ತಿಯವರು.

ಜತ್ತಿಯವರು 1912ರ ಸೆಪ್ಟೆಂಬರ್ 10ರಂದು ಜಮಖಂಡಿ ಹತ್ತಿರದ ಸಾವಳಗಿಯಲ್ಲಿ ಹುಟ್ಟಿದರು. ಆಗ ಜಮಖಂಡಿ ಒಂದು ಚಿಕ್ಕ ಸಂಸ್ಥಾನ. ಅವರು ಕೊಲ್ಲಾಪುರದಲ್ಲಿ ಕಾನೂನು ಓದಿ ಬಂದು ಜಮಖಂಡಿಯಲ್ಲಿ ವಕೀಲಿ ಮಾಡಿದರು. 1940ರಲ್ಲಿ ಪುರಸಭೆ ಸದಸ್ಯರಾದರು, ಆಮೇಲೆ ಅಧ್ಯಕ್ಷರಾದರು. ಸಂಸ್ಥಾನದ ಮಂತ್ರಿಯೂ ಆದರು. 1948ರಲ್ಲಿ ಜಮಖಂಡಿ ಮುಂಬಯಿ ರಾಜ್ಯಕ್ಕೆ ಸೇರಿತು. 1952ರ ಚುನಾವಣೆ ಗೆದ್ದು ಮೊರಾರ್ಜಿ ದೇಸಾಯಿಯವರ ಸರ್ಕಾರದಲ್ಲಿ ಉಪಮಂತ್ರಿ ಆದರು. ಮೊರಾರ್ಜಿಯವರ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯ್ತು. ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಬಸವಕಲ್ಯಾಣ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ಜಮಖಂಡಿಯೂ ಬಂತು. 1958ರಿಂದ 1962ರವರೆಗೆ ಜತ್ತಿಯವರೇ ಮುಖ್ಯಮಂತ್ರಿ. ಗೇಣಿ ಮಾಡುವ ರೈತರಿಗಾಗಿ 1961ರ ಭೂಸುಧಾರಣಾ ಕಾಯ್ದೆ ಆದದ್ದು ಅವರ ಕಾಲದಲ್ಲೇ. 1964ರಲ್ಲಿ ಅವರು ಬಸವ ಸಮಿತಿ ಕಟ್ಟಿದರು. ನಮ್ಮ ಕಲ್ಯಾಣದ ಶರಣರ ವಿಚಾರವನ್ನು ಬೇರೆ ಭಾಷೆಯ ಮಂದಿಗೂ ಮುಟ್ಟಿಸುವುದು ಅದರ ಕೆಲಸ.

1968ರಲ್ಲಿ ಪಾಂಡಿಚೇರಿಯ ಉಪರಾಜ್ಯಪಾಲರು, 1972ರಲ್ಲಿ ಒರಿಸ್ಸಾ ರಾಜ್ಯಪಾಲರು, 1974ರಲ್ಲಿ ದೇಶದ ಉಪರಾಷ್ಟ್ರಪತಿ ಆದರು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಜತ್ತಿಯವರು ಹಂಗಾಮಿ ರಾಷ್ಟ್ರಪತಿ ಆದರು. ಆಗ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಮಾರ್ಚ್ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷ ಸೋತಿತು. ಮಾರ್ಚ್ 24ರಂದು ಹೊಸ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರು ಜತ್ತಿಯವರು. ಆ ಪ್ರಧಾನಿ ಯಾರು ಗೊತ್ತೇ? ಅದೇ ಮೊರಾರ್ಜಿ ದೇಸಾಯಿ! ಅವರ ಕೈಕೆಳಗೆ ಉಪಮಂತ್ರಿ ಆಗಿದ್ದವರೇ ಈಗ ಅವರಿಗೆ ಪ್ರಮಾಣ ಮಾಡಿಸಿದರು.

ಮುಂದಿನ ತಿಂಗಳೇ ಭಾಳ ಕಠಿಣ ಪ್ರಸಂಗ ಬಂತು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕೆಂದು ಹೊಸ ಸರ್ಕಾರ ಕಾಗದ ಕಳಿಸಿತು. ಅಲ್ಲಿ ಆಳುತ್ತಿದ್ದದ್ದು ಕಾಂಗ್ರೆಸ್. ಜತ್ತಿಯವರೂ ಮೊದಲು ಅದೇ ಪಕ್ಷದವರು. ಅವರು ಕೂಡಲೇ ಸಹಿ ಹಾಕಲಿಲ್ಲ. ಮಂದಿ ಸಿಟ್ಟಾದರು, ಪಕ್ಷಪಾತ ಮಾಡ್ತಾರೆ ಅಂದರು. ಕೊನೆಗೆ ಏಪ್ರಿಲ್ 30ರಂದು ಸಹಿ ಹಾಕಿದರು. ಯಾಕಂದ್ರೆ ರಾಷ್ಟ್ರಪತಿ ವಿಚಾರ ಮಾಡಬಹುದು, ಆದರೆ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ನಮ್ಮ ಸಂವಿಧಾನ ಹೇಳುವುದು ಇದನ್ನೇ.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದರು. ಜತ್ತಿಯವರು ಮತ್ತೆ ಉಪರಾಷ್ಟ್ರಪತಿಯಾಗಿ 1979ರವರೆಗೆ ದುಡಿದರು. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ನಿಧನರಾದರು.

ಗೆಳೆಯರೇ, ಹುದ್ದೆ ಎಷ್ಟೇ ದೊಡ್ಡದಿರಲಿ, ನಿಯಮ ಅದಕ್ಕಿಂತ ದೊಡ್ಡದು. ನಮ್ಮ ಶಾಲೆಯ ಮಂತ್ರಿಮಂಡಲದವರೂ ಇದನ್ನು ಮರೆಯಬಾರದು!

– 7ನೇ ತರಗತಿ