ದಾರಿಯನ್ನೇ ಮಠವಾಗಿಸಿಕೊಂಡ ಸಂತ

ಫ್ರಾನ್ಸಿನ ಅಮೆತ್ ಗ್ರಾಮದಲ್ಲಿ 1748ರಲ್ಲಿ, 15 ಮಕ್ಕಳಲ್ಲಿ ಹಿರಿಯರಾಗಿ ಜನಿಸಿದ ಸಂತ ಬೆನೆಡಿಕ್ಟ್ ಜೋಸೆಫ್ ಲಾಬ್ರೆಯವರು ಸನ್ಯಾಸವನ್ನು ಬಯಸಿ ಮಠದಿಂದ ಮಠಕ್ಕೆ ಅಲೆದರು. ಎಲ್ಲಿಯೂ ನೆಲೆ ದೊರೆಯಲಿಲ್ಲ. 1770ರಲ್ಲಿ ದಾರಿಯನ್ನೇ ಮಠವೆಂದು ಸ್ವೀಕರಿಸಿದರು. ಚಿಂದಿಯುಟ್ಟು, ಜಪಸರ ಧರಿಸಿ, ಪುಣ್ಯಕ್ಷೇತ್ರಗಳಿಗೆ ಕಾಲ್ನಡಿಗೆಯಲ್ಲಿ ಯಾತ್ರೆಗೈದರು. ದೊರೆತ ಭಿಕ್ಷೆಯನ್ನು ಬಡವರಿಗೆ ಹಂಚಿದರು. ರೋಮಿನಲ್ಲಿ ಕೊಲೊಸಿಯಮ್ಮಿನ ಪಾಳುಗೋಡೆಗಳ ನಡುವೆ ಮಲಗಿ, ಹಗಲನ್ನು ಪರಮಪ್ರಸಾದದ ಸನ್ನಿಧಿಯಲ್ಲಿ ಕಳೆಯುತ್ತಿದ್ದರು. 1783ರ ಪವಿತ್ರ ವಾರದಲ್ಲಿ ದೇವಾಲಯದ ಬಳಿ ಕುಸಿದುಬಿದ್ದು, ಕಟುಕರೊಬ್ಬರ ಮನೆಯಲ್ಲಿ, 35ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಲೋಕವು ಅಲೆಮಾರಿಯೆಂದು ಕಂಡ ಅವರನ್ನು 1881ರಲ್ಲಿ ಧರ್ಮಸಭೆ ಸಂತರೆಂದು ಸಾರಿತು.

ಶತಮಾನೋತ್ಸವದ ಸಂಭ್ರಮದಲ್ಲಿರುವ ನಾವು ನಮ್ಮನ್ನೇ ಕೇಳಿಕೊಳ್ಳೋಣ: ಅಂದು ಅವರು ಹರಕು ಬಟ್ಟೆಯಲ್ಲಿ ಈ ದೇವಾಲಯಕ್ಕೆ ಬಂದಿದ್ದರೆ, ನಮ್ಮ ಪಕ್ಕದಲ್ಲಿ ಅವರಿಗೆ ಸ್ಥಳ ಬಿಡುತ್ತಿದ್ದೆವೇ? ಇಂದು ಬಾಗಿಲಲ್ಲಿ ಕೈಚಾಚಿ ಕುಳಿತವರಿಗೆ ಬಿಡುತ್ತಿದ್ದೇವೆಯೇ?